ಬರ್ಗನ್‌ಗೆ ಒಬ್ಬಳೇ ಹೋಗಬಹುದಾ?

ಪ್ರಶ್ನೆ: ಕೆಲಸದ ಮೇಲೆ ನಾರ್ವೆಯ ಓಸ್ಲೋಗೆ ಹೋಗುತ್ತಿದ್ದೇನೆ. ಎರಡು ದಿನ ಬಿಡುವಿದೆ. ಒಬ್ಬಳೇ ಬರ್ಗನ್ ನೋಡಿ ಬರಬಹುದಾ?

ಉತ್ತರ: ಧಾರಾಳವಾಗಿ ಹೋಗಿಬನ್ನಿ. ವಿಮಾನ ಬೇಡ, ಹಗಲು ರೈಲು ಹಿಡಿಯಿರಿ. ಸುಮಾರು ಏಳು ಗಂಟೆ ಆಗುತ್ತದೆ ನಿಜ, ಆದರೆ 1,222 ಮೀಟರ್ ಎತ್ತರದ ಫಿನ್ಸೆ ಸ್ಟೇಷನ್ ದಾಟುವಾಗ ಕಿಟಕಿಯಿಂದ ಕಣ್ಣು ತೆಗೆಯಲು ಮನಸ್ಸೇ ಬರಲ್ಲ. ಬರ್ಗನ್‌ನಲ್ಲಿ ಮಳೆ ಜಾಸ್ತಿ, ಗಾಳಿಯೂ ಇರುತ್ತದೆ, ಹಾಗಾಗಿ ಕೊಡೆಗಿಂತ ಟೋಪಿ ಇರುವ ರೇನ್‌ಕೋಟ್ ಒಳ್ಳೆಯದು. ಬಂದರಿನ ಪಕ್ಕದ ಬ್ರಿಗ್ಗೆನ್‌ನ ಮರದ ಮನೆಗಳನ್ನು ಎದುರಿನಿಂದ ಫೋಟೋ ತೆಗೆದು ಸುಮ್ನೆ ವಾಪಸ್ ಬರಬೇಡಿ. 1702ರ ಬೆಂಕಿಯ ನಂತರ ಮತ್ತೆ ಕಟ್ಟಿದ ಸಾಲು ಅದು. ಒಳಗಿನ ಇಕ್ಕಟ್ಟು ಓಣಿಗೆ ನುಗ್ಗಿ, ವಾಲಿದ ಗೋಡೆ, ಕಾಲಡಿಯ ಒದ್ದೆ ಹಲಗೆ ನೋಡಿ. ಸಂಜೆ ಹಳಿಬಂಡಿಯಲ್ಲಿ ಫ್ಲೋಯೆನ್ ಬೆಟ್ಟ ಹತ್ತಿ, ಇಳಿಯುವಾಗ ನಡೆದೇ ಬನ್ನಿ.