ಮ್ಯೂನಿಕ್‌ನಲ್ಲಿ ಉತ್ತರ ಪ್ರಾಚೀನ ಕಾಲದ ಇತಿಹಾಸ ಓದಬೇಕೆಂದಿರುವವರಿಗೆ

ನಮಸ್ಕಾರ. ಧಾರವಾಡದಲ್ಲಿ ಇತಿಹಾಸದ ಎಂ.ಎ. ಮುಗಿಸಿ, ಪತಿಯ ಉದ್ಯೋಗದ ಕಾರಣ ಮ್ಯೂನಿಕ್‌ಗೆ ಬಂದು ಎರಡು ತಿಂಗಳಾಯಿತೆಂದೂ, ರೋಮನ್ ಸಾಮ್ರಾಜ್ಯದ ಕೊನೆಯ ಶತಮಾನಗಳ ಇತಿಹಾಸವನ್ನು ಇಲ್ಲಿಯೇ ಓದುವ ಆಸೆಯಿದೆಯೆಂದೂ ಬರೆದಿದ್ದೀರಿ. ಅದಕ್ಕೆ ದಾರಿ ಯಾವುದು, ಮುಂದೆ ಅದರಿಂದ ಜೀವನ ನಡೆಯುತ್ತದೆಯೇ, ಬರುವ ಅಕ್ಟೋಬರ್‌ನಲ್ಲಿಯೇ ಸೇರಿಬಿಡಬಹುದೇ ಎಂದು ಕೇಳಿದ್ದೀರಿ. ಇದೇ ಊರಿನಲ್ಲಿ ಇದೇ ವಿಷಯವನ್ನು ಓದಿ, ಇಲ್ಲಿಯೇ ನೆಲೆಸಿ ನನಗೆ ಹತ್ತೊಂಬತ್ತು ವರ್ಷಗಳಾದವು. ಈ ಅಕ್ಟೋಬರ್‌ನಲ್ಲಿ ಸೇರಬೇಡಿ ಎಂಬುದೇ ನನ್ನ ಮೊದಲ ಮಾತು. ಏಕೆ ಹೀಗೆನ್ನುತ್ತೇನೆಂದು ವಿವರಿಸುವ ಮೊದಲು, ನಿಮ್ಮ ಆಸೆಗೆ ಎಷ್ಟು ಗಟ್ಟಿಯಾದ ನೆಲೆಯಿದೆ ಎಂಬುದನ್ನು ಹೇಳಿಬಿಡುತ್ತೇನೆ.

‘ಕರ್ನಾಟಕದವರಿಗೆ ರೋಮ್ ಏಕೆ’ ಎಂದು ಮನೆಯವರು ಕೇಳುತ್ತಾರೆಂದು ಬರೆದಿದ್ದೀರಿ. ನಮ್ಮ ಮನೆಯಲ್ಲಿಯೂ ಕೇಳಿದ್ದರು. ಇಂಗ್ಲಿಷಿನಲ್ಲಿ ಲೇಟ್ ಆಂಟಿಕ್ವಿಟಿ ಎಂದೂ ಇಲ್ಲಿನವರ ಮಾತಿನಲ್ಲಿ ಷ್ಪೇಟ್‌ಆಂಟೀಕೆ ಎಂದೂ ಕರೆಯುವ ಈ ಕಾಲವನ್ನು ಸಾಮಾನ್ಯವಾಗಿ 284ರಲ್ಲಿ ರೋಮನ್ ಚಕ್ರವರ್ತಿ ಡಯೊಕ್ಲೀಷಿಯನ್ ಪಟ್ಟಕ್ಕೆ ಬಂದಲ್ಲಿಂದ ಏಳನೆಯ ಶತಮಾನದಲ್ಲಿ ಅರಬರು ಸಿರಿಯಾ ಮತ್ತು ಈಜಿಪ್ಟ್‌ಗಳನ್ನು ಗೆದ್ದವರೆಗೆ ಎಣಿಸುತ್ತಾರೆ. ನಮ್ಮ ಲೆಕ್ಕದಲ್ಲಿ ಅದು ಕದಂಬರನ್ನೂ ಹಲ್ಮಿಡಿ ಶಾಸನವನ್ನೂ ಒಳಗೊಂಡು ಬಾದಾಮಿ ಚಾಲುಕ್ಯರ ಉಚ್ಛ್ರಾಯದವರೆಗೆ ಬರುವ ಕಾಲ. ಇಮ್ಮಡಿ ಪುಲಕೇಶಿ ಮತ್ತು ಪೂರ್ವ ರೋಮನ್ ಸಾಮ್ರಾಜ್ಯದ ರಾಜಧಾನಿಯಾದ ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿ ಹೆರಾಕ್ಲಿಯಸ್ ಇಬ್ಬರೂ 610ರ ಆಸುಪಾಸಿನಲ್ಲಿ ಅಧಿಕಾರಕ್ಕೆ ಬಂದವರು. ಇಬ್ಬರ ಆಳ್ವಿಕೆಯೂ ಒಂದೆರಡು ವರ್ಷಗಳ ಅಂತರದಲ್ಲಿ ಮುಗಿಯಿತು. ರವಿಕೀರ್ತಿಯ ಐಹೊಳೆ ಶಾಸನ ಮೇಗುತಿ ದೇವಾಲಯದ ಗೋಡೆಯ ಮೇಲೆ ಮೂಡಿದ 634ರಲ್ಲಿಯೇ ಅರಬ್ ಸೈನ್ಯಗಳು ಹೆರಾಕ್ಲಿಯಸ್‌ನ ಪಡೆಗಳೊಡನೆ ಕಾದಾಡುತ್ತಿದ್ದವು. ನಿಮ್ಮ ಧಾರವಾಡಕ್ಕೆ ಹೆಚ್ಚು ದೂರವಲ್ಲದ ಅಕ್ಕಿ ಆಲೂರಿನಲ್ಲಿ ಸಿಕ್ಕ ಚಿನ್ನದ ನಾಣ್ಯಗಳಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿಗಳ ನಾಣ್ಯಗಳೂ ಇದ್ದವು ಎಂಬುದು ನಿಮಗೆ ಗೊತ್ತಿರಬಹುದು.

ನನ್ನನ್ನು ಈ ವಿಷಯಕ್ಕೆ ಎಳೆದು ತಂದದ್ದು, ಪುಲಕೇಶಿಗೂ ಪರ್ಷಿಯಾದ ದೊರೆ ಎರಡನೆಯ ಖುಸ್ರೋಗೂ ರಾಯಭಾರ ಸಂಬಂಧವಿತ್ತು ಎಂಬ, ಶಾಲೆಯಲ್ಲಿ ನಾವೆಲ್ಲ ಓದಿದ ಒಂದು ವಾಕ್ಯ. ಅದರ ಬುಡ ಎಲ್ಲಿದೆ ಎಂದು ಹುಡುಕುತ್ತ ಹೋದರೆ ಸಿಗುವುದು, ಖುಸ್ರೋನಿಂದ ಸುಮಾರು ಮುನ್ನೂರು ವರ್ಷ ಈಚೆಗೆ ತಬರಿ ಬರೆದ ಅರಬ್ಬೀ ಇತಿಹಾಸ. ಭಾರತದ ದೊರೆಯೊಬ್ಬ ಖುಸ್ರೋಗೂ ಅವನ ಮಕ್ಕಳಿಗೂ ಪತ್ರ ಮತ್ತು ಕಾಣಿಕೆಗಳನ್ನು ಕಳಿಸಿದ ಸಂಗತಿ ಅದರಲ್ಲಿದೆ. ಆ ದೊರೆಯನ್ನು ನಮ್ಮ ಪುಲಕೇಶಿಯೆಂದು ಗುರುತಿಸಿದವರು, 1879ರಲ್ಲಿ ಆ ಭಾಗವನ್ನು ಜರ್ಮನ್ ಭಾಷೆಗೆ ತಂದ ಥಿಯೋಡೋರ್ ನೊಯ್ಲ್‌ಡೆಕೆ. ಚುಕ್ಕೆಯೊಂದು ಸ್ಥಾನ ಬದಲಿಸಿದರೆ ಅಕ್ಷರವೇ ಬದಲಾಗುವ ಲಿಪಿಯಲ್ಲಿ, ಹಸ್ತಪ್ರತಿಯಿಂದ ಹಸ್ತಪ್ರತಿಗೆ ಸಾಗಿಬಂದ ಒಂದು ಪರದೇಶದ ಹೆಸರನ್ನು ಓದುವುದು ಎಷ್ಟು ಸೂಕ್ಷ್ಮದ ಕೆಲಸವೆಂದು ಶಾಸನ ಓದಿ ಅಭ್ಯಾಸವಿರುವ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅಜಂತಾದ ಮೊದಲನೆಯ ಗುಹೆಯಲ್ಲಿರುವ ಚಿತ್ರ ಇದೇ ರಾಯಭಾರದ್ದೆಂದು ಹಿಂದೆ ಹೇಳುತ್ತಿದ್ದರು. ಆದರೆ ಆ ಗುಹೆಯನ್ನೇ ಐದನೆಯ ಶತಮಾನಕ್ಕೆ ಸೇರಿಸುವ ವಿದ್ವಾಂಸರು ಈಗ ಇದ್ದಾರೆ. ಈ ಒಂದು ವಾಕ್ಯ ನಿಲ್ಲುತ್ತದೆಯೋ ಇಲ್ಲವೋ ಎಂದು ಸ್ವಂತ ಬಲದಿಂದ ಹೇಳಬೇಕಾದರೆ ಅರಬ್ಬೀ ಬೇಕು, ಹೆರಾಕ್ಲಿಯಸ್ ಮತ್ತು ಖುಸ್ರೋ ನಡುವಿನ ಯುದ್ಧಗಳನ್ನು ತಿಳಿಯಲು ಗ್ರೀಕ್ ಬೇಕು, ಚಾಲುಕ್ಯರ ಶಾಸನಗಳಿಗಾಗಿ ಸಂಸ್ಕೃತ ಮತ್ತು ಹಳಗನ್ನಡ ಬೇಕು, ಇವೆಲ್ಲವುಗಳ ಬಗ್ಗೆ ನೂರೈವತ್ತು ವರ್ಷಗಳಿಂದ ಬರೆದಿರುವುದನ್ನು ಓದಲು ಜರ್ಮನ್ ಬೇಕು. ಐಹೊಳೆ ಶಾಸನವನ್ನು ಶಾಸನಗಳ ಪ್ರಕಟಣೆಯಾದ ಎಪಿಗ್ರಾಫಿಯಾ ಇಂಡಿಕಾಕ್ಕಾಗಿ ಸಂಪಾದಿಸಿದ ಕೀಲ್‌ಹಾರ್ನ್ ಕೂಡ ಗಾಟಿಂಗನ್‌ನಲ್ಲಿ ಪ್ರಾಧ್ಯಾಪಕರಾಗಿದ್ದವರು.

ಈಗ ಅಕ್ಟೋಬರ್ ಬೇಡವೆಂದದ್ದು ಏಕೆಂದು ಹೇಳುತ್ತೇನೆ. ನಾನು ಮೈಸೂರಿನಿಂದ ಬಂದು, ಜರ್ಮನ್ ಭಾಷೆಯ ಪರೀಕ್ಷೆಯೊಂದನ್ನು ಹೇಗೋ ದಾಟಿ, ಆತುರದಿಂದ ನೇರವಾಗಿ ಸ್ನಾತಕೋತ್ತರ ತರಗತಿಗೆ ಸೇರಿದೆ. ಮೊದಲ ಸೆಮಿನಾರ್ 438ರಲ್ಲಿ ಪ್ರಕಟವಾದ ಥಿಯೋಡೋಸಿಯನ್ ಕಾನೂನು ಸಂಹಿತೆಯ ಮೇಲಿತ್ತು. ಹನ್ನೆರಡು ಜನ ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರೂ ಒಂದೊಂದು ಲ್ಯಾಟಿನ್ ವಾಕ್ಯವನ್ನು ಓದಿ ಜರ್ಮನ್‌ನಲ್ಲಿ ಅರ್ಥ ಹೇಳಬೇಕು. ನನ್ನ ಸರದಿ ಬಂದಾಗಲೆಲ್ಲ ನಾನು ಇಂಗ್ಲಿಷ್ ಅನುವಾದವನ್ನು ನೆನಪಿಸಿಕೊಂಡು ಏನನ್ನೋ ಹೇಳುತ್ತಿದ್ದೆ. ಮೂರನೆಯ ವಾರ ಪ್ರಾಧ್ಯಾಪಕರು ನನ್ನನ್ನು ಪಕ್ಕಕ್ಕೆ ಕರೆದು, ಇದು ನಿಮ್ಮ ಬುದ್ಧಿಯ ಕೊರತೆಯಲ್ಲ, ತಯಾರಿಯ ಕೊರತೆ ಎಂದರು. ಆ ಮಾತು ನಿಜವಾಗಿತ್ತು. ಎರಡು ಸೆಮಿಸ್ಟರ್‌ಗಳು ಕೈತಪ್ಪಿದವು. ವಿದ್ಯಾರ್ಥಿ ವೀಸಾದಲ್ಲಿದ್ದ ನನಗೆ ಕಳೆದ ಒಂದೊಂದು ತಿಂಗಳಿಗೂ ಖರ್ಚಿನ ಲೆಕ್ಕವಿತ್ತು, ಊರಿನಲ್ಲಿ ಅಪ್ಪ ಮಾಡಿದ ಸಾಲವಿತ್ತು. ನಿಮಗೆ ಆ ಅವಸರವಿಲ್ಲ. ಪತಿಯೊಡನೆ ಕುಟುಂಬದ ಆಧಾರದ ಮೇಲೆ ವಾಸದ ಪರವಾನಗಿ ಪಡೆದವರು ಓದಲೂಬಹುದು, ದುಡಿಯಲೂಬಹುದು. ಊರಿನಿಂದ ವಿದ್ಯಾರ್ಥಿಯಾಗಿ ಬರುವವರು ವರ್ಷದ ಖರ್ಚಿಗೆಂದು ಬ್ಯಾಂಕಿನಲ್ಲಿ ತಡೆಹಿಡಿದ ಖಾತೆಯಲ್ಲಿ ತೋರಿಸಬೇಕಾದ ಮೊತ್ತ 2024ರ ಸೆಪ್ಟೆಂಬರ್‌ನಿಂದ 11,904 ಯೂರೋ ಆಗಿದೆ. ಆ ಭಾರ ನಿಮ್ಮ ಮೇಲಿಲ್ಲ. ಆದರೆ ಪದವಿ ಪತ್ರಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರವನ್ನು ಪ್ರವೇಶದ ಅರ್ಜಿಯೊಡನೆಯೂ ಅನೇಕ ವಿಶ್ವವಿದ್ಯಾಲಯಗಳು ಕೇಳುತ್ತವೆ. ಧಾರವಾಡದಿಂದ ಅಂಕಪಟ್ಟಿಗಳನ್ನು ತರಿಸಿಕೊಳ್ಳುವ ಕೆಲಸವನ್ನು ಈಗಲೇ ಶುರುಮಾಡಿ.

ಹಾಗಾಗಿ ಮುಂದಿನ ಒಂದೂವರೆ ವರ್ಷವನ್ನು ಭಾಷೆಗೆ ಕೊಡಿ. ಜರ್ಮನ್ ಸಿ1 ಮಟ್ಟಕ್ಕೆ ಬರಬೇಕು. ವಿಶ್ವವಿದ್ಯಾಲಯ ಪ್ರವೇಶದ ಜರ್ಮನ್ ಪರೀಕ್ಷೆಗಳಾದ ಡಿಎಸ್‌ಹೆಚ್‌ನಲ್ಲಿ ಎರಡನೆಯ ಹಂತ ಅಥವಾ ಟೆಸ್ಟ್‌ಡಾಫ್‌ನ ನಾಲ್ಕೂ ಭಾಗಗಳಲ್ಲಿ 4ನೆಯ ಮಟ್ಟ ಸಾಮಾನ್ಯವಾಗಿ ಕೇಳುವ ಅರ್ಹತೆ. ಅದರ ಜೊತೆಗೇ ಲ್ಯಾಟಿನ್ ಆರಂಭಿಸಿ, ಅದು ಕೈಗೆ ಹತ್ತಿದ ಮೇಲೆ ಗ್ರೀಕ್ ಹಿಡಿಯಿರಿ. ನಗರದ ಫೋಕ್ಸ್‌ಹೋಖ್‌ಷೂಲೆಯಲ್ಲಿ, ಎಂದರೆ ವಯಸ್ಕರ ಶಿಕ್ಷಣ ಕೇಂದ್ರದಲ್ಲಿ, ಸಂಜೆಯ ಭಾಷಾ ತರಗತಿಗಳಿವೆ. ಲುಡ್ವಿಗ್ ಮ್ಯಾಕ್ಸಿಮಿಲಿಯನ್ ವಿಶ್ವವಿದ್ಯಾಲಯದಲ್ಲಿ ಅತಿಥಿ ಶ್ರೋತೃವಾಗಿ ಕಡಿಮೆ ಶುಲ್ಕಕ್ಕೆ ಉಪನ್ಯಾಸಗಳಿಗೆ ಹೋಗಬಹುದು. ನಿಮಗೆ ಸಂಸ್ಕೃತ ಬರುತ್ತದೆ ಎಂಬುದು ದೊಡ್ಡ ಬಲ. ವಿಭಕ್ತಿ ಪ್ರತ್ಯಯಗಳನ್ನು ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದವರಿಗೆ ಲ್ಯಾಟಿನ್ ನಾಮಪದಗಳು ಹೆದರಿಸುವುದಿಲ್ಲ. ಸಂಸ್ಕೃತದಲ್ಲಿ ಭೂತಕಾಲದ ಧಾತುವಿನ ಆರಂಭಕ್ಕೆ ‘ಅ’ ಬಂದು ಸೇರುವಂತೆ ಗ್ರೀಕ್‌ನಲ್ಲಿ ‘ಎ’ ಸೇರುವುದನ್ನು ಮೊದಲ ಸಲ ಕಂಡ ದಿನ ನನಗೆ ಪರಊರಿನಲ್ಲಿ ನೆಂಟರು ಸಿಕ್ಕಷ್ಟು ಸಂತೋಷವಾಗಿತ್ತು.

ಈ ಊರು ಈ ವಿದ್ಯೆಗೆ ಎಷ್ಟು ಹೇಳಿಮಾಡಿಸಿದ್ದು ಎಂಬುದು ಬಂದ ಹೊಸತರಲ್ಲಿ ಕಾಣುವುದಿಲ್ಲ. ಬೈಜಾಂಟಿಯಮ್, ಎಂದರೆ ಪೂರ್ವ ರೋಮನ್ ಸಾಮ್ರಾಜ್ಯದ, ಅಧ್ಯಯನವನ್ನು ಸ್ವತಂತ್ರ ಶಾಸ್ತ್ರವಾಗಿ ಬೆಳೆಸಿದ ಕಾರ್ಲ್ ಕ್ರುಂಬಾಖರ್ ಇಲ್ಲಿದ್ದವರು. ಅವರು 1892ರಲ್ಲಿ ಆರಂಭಿಸಿದ ಪತ್ರಿಕೆ ಇಂದಿಗೂ ನಡೆಯುತ್ತಿದೆ. ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಇತಿಹಾಸ, ಬೈಜಾಂಟಿಯಮ್, ಅರಬ್ಬೀ ಮತ್ತು ಪರ್ಷಿಯನ್, ಇಂಡಾಲಜಿ ಎಲ್ಲವೂ ಇವೆ. ಹಳೆಯ ಅರಮನೆಯ ಒಂದು ಭಾಗದಲ್ಲಿ ಬವೇರಿಯಾದ ವಿಜ್ಞಾನ ಅಕಾಡೆಮಿಯವರು ಲ್ಯಾಟಿನ್ ಭಾಷೆಯ ಮಹಾನಿಘಂಟನ್ನು 1890ರ ದಶಕದಿಂದ ಕಟ್ಟುತ್ತಿದ್ದಾರೆ. ಭಾಷೆಯ ಆರಂಭದಿಂದ ಸುಮಾರು 600ರವರೆಗಿನ ಬರಹಗಳಿಂದ ತೆಗೆದ ಸುಮಾರು ಒಂದು ಕೋಟಿ ಚೀಟಿಗಳು ಅಲ್ಲಿ ಪೆಟ್ಟಿಗೆಗಳಲ್ಲಿವೆ. ಕೆಲಸ ಇನ್ನೂ ಮುಗಿದಿಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು ಮನೆಯಲ್ಲಿರುವವರಿಗೆ ಆ ಕೋಣೆಯಲ್ಲಿ ನಿಂತಾಗ ಆಗುವ ಗೌರವವನ್ನು ನಾನು ವರ್ಣಿಸಲಾರೆ. ಬವೇರಿಯಾ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೂ ಒಂದು ದಿನ ಹೋಗಿ, ಸುಮಾರು 400ರ ಕಾಲದ, ಕ್ರಿಸ್ತನ ಸ್ವರ್ಗಾರೋಹಣವನ್ನು ಕೆತ್ತಿರುವ ದಂತದ ಫಲಕವನ್ನು ನೋಡಿ. ಅಂಗೈಗಿಂತ ಸ್ವಲ್ಪ ದೊಡ್ಡದಾದ ಅದರ ಮುಂದೆ ನಾನು ಈಗಲೂ ಅರ್ಧ ಗಂಟೆ ನಿಲ್ಲುತ್ತೇನೆ.

ಸೆಮಿನಾರ್‌ಗಳ ರೀತಿಯ ಬಗ್ಗೆ ಒಂದು ಮಾತು. ಗುರುಗಳ ಮುಂದೆ ಸುಮ್ಮನಿರುವುದು ನಮ್ಮಲ್ಲಿ ವಿನಯ. ಇಲ್ಲಿ ಸುಮ್ಮನಿದ್ದರೆ ಓದಿಕೊಂಡು ಬಂದಿಲ್ಲವೆಂದು ತಿಳಿಯುತ್ತಾರೆ. ಆಧಾರವಿಟ್ಟು ಪ್ರಾಧ್ಯಾಪಕರ ಮಾತನ್ನು ಒಪ್ಪದಿದ್ದರೆ ಅವರು ನೊಂದುಕೊಳ್ಳುವುದಿಲ್ಲ, ಬರೆದುಕೊಳ್ಳುತ್ತಾರೆ. ಇದನ್ನು ಕಲಿಯಲು ನನಗೆ ಜರ್ಮನ್ ಕಲಿಯುವುದಕ್ಕಿಂತ ಹೆಚ್ಚು ಕಾಲ ಬೇಕಾಯಿತು.

ಹಣದ ವಿಚಾರ. ಮ್ಯೂನಿಕ್‌ನ ಈ ವಿಶ್ವವಿದ್ಯಾಲಯದಲ್ಲಿ ಇತಿಹಾಸದಂಥ ವಿಷಯಗಳ ಸ್ನಾತಕೋತ್ತರ ಓದಿಗೆ ಬೋಧನಾ ಶುಲ್ಕವಿಲ್ಲ. ಪ್ರತಿ ಸೆಮಿಸ್ಟರ್‌ಗೆ ವಿದ್ಯಾರ್ಥಿ ಸೇವಾ ಸಂಸ್ಥೆಗೆ ಸಣ್ಣ ಮೊತ್ತ ಕಟ್ಟಬೇಕು. ಪಕ್ಕದ ಬಾಡನ್ ವುರ್ಟೆಂಬರ್ಗ್ ರಾಜ್ಯದಲ್ಲಾದರೆ ನಮ್ಮಂಥವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಶುಲ್ಕವಿದೆ. ಡಾಕ್ಟರೇಟ್‌ಗೆ ಜರ್ಮನ್ ಶೈಕ್ಷಣಿಕ ವಿನಿಮಯ ಸಂಸ್ಥೆಯಾದ ಡಿಎಎಡಿಯ ವಿದ್ಯಾರ್ಥಿವೇತನವನ್ನು ನೆಚ್ಚಿಕೊಂಡಿದ್ದರೆ, ಅರ್ಜಿಯ ಹೊತ್ತಿಗೆ ಜರ್ಮನಿಯಲ್ಲಿ 15 ತಿಂಗಳಿಗಿಂತ ಹೆಚ್ಚು ವಾಸವಿದ್ದವರಿಗೆ ಅದು ಸಿಗುವುದಿಲ್ಲವೆಂಬ ನಿಯಮವನ್ನು ನೋಡಿಕೊಳ್ಳಿ. ನನ್ನ ಸಲಹೆಯಂತೆ ನಡೆದರೆ ನೀವು ಆ ಗಡುವನ್ನು ದಾಟಿಬಿಡುತ್ತೀರಿ; ಆದರೂ ಅದಕ್ಕಾಗಿ ಅವಸರಪಡಬೇಡಿ. ಡ್ಯುಸೆಲ್‌ಡಾರ್ಫ್‌ನ ಗೆರ್ಡಾ ಹೆಂಕೆಲ್ ಪ್ರತಿಷ್ಠಾನ ಇತಿಹಾಸ ಸಂಬಂಧಿ ಶಾಸ್ತ್ರಗಳಿಗೆಂದೇ ಇರುವಂಥದು, ಡಾಕ್ಟರೇಟ್‌ಗೂ ನೆರವು ಕೊಡುತ್ತದೆ. ಆಕ್ಸ್‌ಫರ್ಡ್, ವಿಯೆನ್ನಾ, ಪ್ರಿನ್ಸ್‌ಟನ್‌ಗಳೂ ಈ ವಿಷಯಕ್ಕೆ ದೊಡ್ಡ ಹೆಸರುಗಳೇ. ವಾಷಿಂಗ್ಟನ್‌ನ ಡಂಬಾರ್ಟನ್ ಓಕ್ಸ್ ಬೈಜಾಂಟಿಯಮ್ ಸಂಶೋಧಕರಿಗೆ ಫೆಲೋಷಿಪ್ ಕೊಡುತ್ತದೆ. ಸಂಸಾರ ಇಲ್ಲಿರುವಾಗ ಅವು ನಿಮಗೆ ಸದ್ಯಕ್ಕೆ ದೂರದ ಮಾತು.

ಜೀವನ ನಡೆಯುತ್ತದೆಯೇ ಎಂಬುದಕ್ಕೆ ಮುಚ್ಚುಮರೆಯಿಲ್ಲದೆ ಉತ್ತರಿಸುತ್ತೇನೆ. ಡಾಕ್ಟರೇಟ್ ಮಾಡುವವರಿಗೆ ಸಿಗುವ ಹುದ್ದೆ ಬಹಳ ಸಲ ಅರ್ಧ ಸಂಬಳದ್ದು. ವಿಶ್ವವಿದ್ಯಾಲಯಗಳಲ್ಲಿ ತಾತ್ಕಾಲಿಕ ನೇಮಕಕ್ಕೆ ಡಾಕ್ಟರೇಟ್‌ಗೆ ಮೊದಲು ಆರು, ನಂತರ ಆರು ವರ್ಷಗಳ ಮಿತಿಯನ್ನು ಕಾನೂನು ಹಾಕಿದೆ. ಅಷ್ಟರೊಳಗೆ ಕಾಯಂ ಹುದ್ದೆ ಸಿಗದವರು ಹೊರಗೆ ಬರಬೇಕಾಗುತ್ತದೆ. 2021ರಲ್ಲಿ ಇಲ್ಲಿನ ಕಿರಿಯ ಸಂಶೋಧಕರು, ಈ ಕಾನೂನನ್ನು ವಿವರಿಸಲು ಸರ್ಕಾರ ಮಾಡಿದ್ದ ವೀಡಿಯೊದ ಕಲ್ಪಿತ ಸಂಶೋಧಕಿಯ ಹೆಸರು ಹಿಡಿದು, ‘ನಾನು ಹನ್ನಾ’ ಎಂದು ಬಹಿರಂಗವಾಗಿ ದೂರಿಕೊಂಡದ್ದು ಇದರ ಬಗ್ಗೆಯೇ. ನನ್ನ ಜೊತೆ ಓದಿದವರಲ್ಲಿ ಪ್ರಾಧ್ಯಾಪಕರಾದವರು ಇಬ್ಬರು. ಉಳಿದವರು ವಸ್ತುಸಂಗ್ರಹಾಲಯ, ಪ್ರಕಾಶನ, ಶಾಲೆ, ಅಕಾಡೆಮಿಗಳ ದೀರ್ಘ ಯೋಜನೆಗಳಲ್ಲಿದ್ದಾರೆ. ನಾನು ಗ್ರಂಥಾಲಯವೊಂದರಲ್ಲಿ ಹಸ್ತಪ್ರತಿಗಳ ಸೂಚಿ ತಯಾರಿಸುತ್ತೇನೆ. ಆ ಕೆಲಸ ನನಗೆ ಸಿಕ್ಕಿದ್ದು ರೋಮ್ ಓದಿದ್ದಕ್ಕಲ್ಲ, ರೋಮ್ ಓದಿದವಳಿಗೆ ಭಾರತೀಯ ಲಿಪಿಗಳೂ ಬರುತ್ತಿದ್ದುದಕ್ಕೆ. ಸೊಕೊಟ್ರಾ ದ್ವೀಪದ ಹೋಖ್ ಗುಹೆಯಲ್ಲಿ ಎರಡರಿಂದ ಐದನೆಯ ಶತಮಾನದ ನಡುವೆ ಭಾರತದ ನಾವಿಕರು ಬ್ರಾಹ್ಮಿಯಲ್ಲಿ ಬರೆದಿಟ್ಟ ತಮ್ಮ ಹೆಸರುಗಳು ದೊರೆತ ಮೇಲೆ, ಹಿಂದೂ ಮಹಾಸಾಗರವನ್ನು ಬಿಟ್ಟು ಈ ಕಾಲದ ಇತಿಹಾಸವನ್ನು ಬರೆಯುವುದು ಕಷ್ಟವಾಗಿದೆ. ನೀವು ಶಾಸನಶಾಸ್ತ್ರದ ಡಿಪ್ಲೊಮಾ ಮಾಡಿರುವುದನ್ನು ಪತ್ರದ ಕೊನೆಯಲ್ಲಿ ಸಂಕೋಚದಿಂದೆಂಬಂತೆ ಬರೆದಿದ್ದೀರಿ. ಪ್ರವೇಶದ ಅರ್ಜಿಯಲ್ಲಿ ಅದನ್ನೇ ಮೊದಲು ಬರೆಯಿರಿ.

ಬೇಸಿಗೆಯ ಸೆಮಿಸ್ಟರ್‌ನ ಉಪನ್ಯಾಸಗಳು ಏಪ್ರಿಲ್ ಮಧ್ಯದಲ್ಲಿ ಶುರುವಾಗುತ್ತವೆ. ಅದಕ್ಕೆ ಮುಂಚೆ ಒಂದು ಶನಿವಾರ ಲುಡ್ವಿಗ್ ರಸ್ತೆಯ ರಾಜ್ಯ ಗ್ರಂಥಾಲಯದ ಮುಂದೆ, ಹೋಮರ್ ಮತ್ತು ಥುಸಿಡಿಡೀಸ್ ಕುಳಿತಿರುವ ಮೆಟ್ಟಿಲುಗಳ ಬಳಿ ಸಿಗೋಣ. ಪಾಸ್‌ಪೋರ್ಟ್ ಮತ್ತು ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಿದ ಕಾಗದವನ್ನು ತನ್ನಿ, ಓದುಗರ ಕಾರ್ಡ್ ಮಾಡಿಸಿಕೊಡುತ್ತೇನೆ. ನನ್ನ ಹಳೆಯ ಲ್ಯಾಟಿನ್ ವ್ಯಾಕರಣದ ಪುಸ್ತಕವನ್ನೂ ತರುತ್ತೇನೆ. ಅದರ ಅಂಚಿನಲ್ಲೆಲ್ಲ ನಾನು ಕನ್ನಡದಲ್ಲಿ ಬರೆದುಕೊಂಡ ಟಿಪ್ಪಣಿಗಳಿವೆ.