ಗಾಲ್ಫ್ ಬರದವರು ಗಾಲ್ಫ್ ರೆಸಾರ್ಟ್‌ಗೆ ಹೋಗೋದು ದಂಡವಾ?

ಪ್ರಶ್ನೆ: ಅಪ್ಪ-ಅಮ್ಮನ ಮದುವೆಯಾಗಿ ಈ ಡಿಸೆಂಬರ್‌ಗೆ 40 ವರ್ಷ. ದಕ್ಷಿಣ ಗೋವಾದ ಕಾಣಕೋಣದಲ್ಲಿ ಸಮುದ್ರದ ಪಕ್ಕ ಇರುವ ಲಲಿತ್ ಗಾಲ್ಫ್ ಅಂಡ್ ಸ್ಪಾ ರೆಸಾರ್ಟ್‌ಗೆ ಎರಡು ರಾತ್ರಿ ಕರೆದುಕೊಂಡು ಹೋಗೋಣ ಅಂತಿದ್ದೇನೆ. ನಮ್ಮಲ್ಲಿ ಯಾರೂ ಗಾಲ್ಫ್ ಕೋಲು ಮುಟ್ಟಿದವರಲ್ಲ. ಅಮ್ಮನಿಗೆ ಮಂಡಿನೋವು, ಬಿಪಿ. ಎಲ್ಲರೂ ಸಸ್ಯಾಹಾರಿಗಳು. ‘ಮಲಗೋಕೆ ಅಷ್ಟು ದುಡ್ಡು ಯಾಕೆ?’ ಅನ್ನೋದು ಅಪ್ಪನ ತಕರಾರು. ಏನು ಮಾಡಲಿ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ನಿಮ್ಮಪ್ಪ ಹೇಳೋದು ಅರ್ಧ ಸರಿ. ಬೆಳಿಗ್ಗೆ ಎದ್ದು ಕಾರು ಹತ್ತಿ ಊರೆಲ್ಲ ಸುತ್ತಿ ರಾತ್ರಿ ಬಂದು ಮಲಗೋದಾದರೆ ಇಂಥ ಹೋಟೆಲು ಖಂಡಿತ ದಂಡ. ಹತ್ತಿರದ ಪಾಳೋಳೆಂ ಬೀಚಿನ ಕಡೆ ಸಾಧಾರಣ ರೂಮು ಹಿಡಿಯಿರಿ, ಸಾಕು. ಇಲ್ಲಿ ನೀವು ದುಡ್ಡು ಕೊಡೋದು ಮಂಚಕ್ಕಲ್ಲ, ಜಾಗಕ್ಕೆ. ಸುಮಾರು 85 ಎಕರೆ, ಒಂದು ಕಡೆ ರಾಜಬಾಗ್ ಬೀಚು, ಪಕ್ಕದಲ್ಲೇ ತಳಪಣ ನದಿ ಸಮುದ್ರ ಸೇರುವ ಜಾಗ, ನಡುವೆ ಹಸಿರು. ಎರಡು ದಿನ ಗೇಟು ದಾಟದೆ ಇರೋಕೆ ತಯಾರಿದ್ದರೆ ಮಾತ್ರ ಹೋಗಿ.

ಗಾಲ್ಫ್ ಬಗ್ಗೆ ಭಯ ಬೇಡ. ಅದು ಅಲ್ಲಿ ಇರುತ್ತೆ, ನೀವು ಆಡಲೇಬೇಕು ಅಂತೇನಿಲ್ಲ. ಬೆಂಗಳೂರಲ್ಲಿ 1876ರಿಂದ ಗಾಲ್ಫ್ ಕ್ಲಬ್ ಇದೆ, ಆದರೂ ನಮ್ಮಲ್ಲಿ ಹೆಚ್ಚಿನವರು ಅದನ್ನು ನೋಡಿದ್ದು ಬೇಲಿಯಾಚೆಯಿಂದಲೇ, ಅಲ್ವಾ? ಇಲ್ಲಿರೋದು 9 ಹೋಲ್‌ಗಳ (ಚೆಂಡು ಬೀಳಿಸಬೇಕಾದ ಕುಳಿಗಳ) ಮೈದಾನ, ಪೂರ್ತಿ 18 ಬೇಕಾದವರು ಅದನ್ನೇ ಎರಡು ಸುತ್ತು ಹಾಕುತ್ತಾರೆ. ಹೊಸಬರಿಗೆ ಕಲಿಸುವವರು ಇದ್ದಾರಾ, ಆಡುವ ಕೋಲು ಬಾಡಿಗೆಗೆ ಸಿಗುತ್ತಾ ಅಂತ ಮೊದಲೇ ಕೇಳಿ, ಬೆಳಿಗ್ಗೆ ಬಿಸಿಲೇರುವ ಮುಂಚೆ ಅರ್ಧ ಗಂಟೆ ಪ್ರಯತ್ನಿಸಬಹುದು. ಅಪ್ಪನಿಗೇ ಕೋಲು ಕೊಡಿ. ಮೊದಲ ನಾಲ್ಕು ಏಟಿಗೆ ಚೆಂಡು ಅಲ್ಲಾಡಲ್ಲ, ಹುಲ್ಲು ಮಾತ್ರ ಕಿತ್ತು ಬರುತ್ತೆ. ಐದನೆಯದು ಟಕ್ ಅಂತ ಕೂತು ಹಾರಿತೋ, ಅವರನ್ನು ಅಲ್ಲಿಂದ ಎಬ್ಬಿಸೋದೇ ನಿಮಗೆ ಕಷ್ಟ. ಕಾಲರ್ ಇರೋ ಟೀ ಶರ್ಟ್ ಹಾಕಿಸಿ, ಜೀನ್ಸ್ ಬೇಡ. ಮತ್ತೆ ಮೈದಾನದ ಅಂಚಲ್ಲಿ ನಡೆಯುವಾಗ ಯಾರಾದರೂ ‘ಫೋರ್!’ ಅಂತ ಕೂಗಿದರೆ ತಿರುಗಿ ನೋಡಬೇಡಿ, ತಲೆ ಮುಚ್ಚಿಕೊಂಡು ಬಗ್ಗಿ. ಚೆಂಡು ನಿಮ್ಮ ಕಡೆ ಬರ್ತಿದೆ ಅಂತ ಅರ್ಥ.

ಅಮ್ಮನ ಮಂಡಿ ವಿಷಯವೇ ಇಲ್ಲಿ ಮುಖ್ಯ. ಜಾಗ ದೊಡ್ಡದಾದಷ್ಟೂ ನಡಿಗೆ ಜಾಸ್ತಿ. ಹಿಂದೊಮ್ಮೆ ಇಂಥದ್ದೇ ಒಂದು ರೆಸಾರ್ಟ್‌ನಲ್ಲಿ (ಹೆಸರು ಬೇಡ ಬಿಡಿ) ನಮಗೆ ಕಟ್ಟಕಡೆಯ ಬ್ಲಾಕು ಕೊಟ್ಟಿದ್ದರು. ತಿಂಡಿಗೆ ಹೋಗೋಕೆ ಬಗ್ಗಿ (ರೆಸಾರ್ಟ್ ಒಳಗೆ ಓಡಾಡಿಸುವ ಪುಟ್ಟ ಗಾಡಿ) ಕಾಯುತ್ತಾ ಅತ್ತೆಯವರು ಮೆಟ್ಟಿಲ ಮೇಲೆ ಇಪ್ಪತ್ತು ನಿಮಿಷ ಕೂತಿದ್ದರು, ಆಮೇಲೆ ‘ಒಂದು ಬಾಳೆಹಣ್ಣು ತಂದುಕೊಡು ಸಾಕು’ ಅಂದುಬಿಟ್ಟರು. ಹಾಗಾಗಿ ಬುಕ್ ಮಾಡಿದ ಮೇಲೆ ಹೋಟೆಲಿಗೇ ಫೋನ್ ಮಾಡಿ, ನೆಲಮಹಡಿಯ ರೂಮು, ಊಟದ ಹಾಲ್‌ಗೆ ಹತ್ತಿರ ಇರಲಿ ಅಂತ ಕೇಳಿ, ಇಮೇಲಲ್ಲೂ ಬರೆಸಿಕೊಳ್ಳಿ. ಸಮುದ್ರ ಕಾಣುವ ರೂಮಿಗೆ ಹೆಚ್ಚು ದುಡ್ಡು ಹಾಕೋದಕ್ಕಿಂತ ಇದು ಮೇಲು.

ಸ್ಪಾದಲ್ಲಿ ಬಿಪಿ ವಿಷಯ ಮೊದಲೇ ಹೇಳಲಿ. ಸ್ಟೀಮು, ಸೌನಾ ಬೇಕೇ ಬೇಕು ಅನ್ನಿಸಿದರೆ ಡಾಕ್ಟರನ್ನು ಕೇಳಿಯೇ. ಮಂಡಿ ಮೇಲೆ ಜೋರು ಒತ್ತಡ ಬೇಡ, ಹಗುರವಾಗಿ ಎಣ್ಣೆ ಹಚ್ಚಿ ನೀವುವ ಮಸಾಜ್ ಸಾಕು, ಹೊಟ್ಟೆ ತುಂಬಿದಾಗಂತೂ ಬೇಡ. ಹೆಂಗಸರೇ ಮಸಾಜ್ ಮಾಡಬೇಕು ಅಂತ ಬುಕ್ ಮಾಡುವಾಗಲೇ ಹೇಳಿಬಿಡಿ. ಇನ್ನೊಂದು, ಒಳಗೆ ಹೋದ ಮೇಲೆ ಕಾಗದದಂಥ ಒಂದು ಒಳಚಡ್ಡಿ ಕೊಡುತ್ತಾರೆ. ಇದನ್ನು ಅಮ್ಮನಿಗೆ ಮನೆಯಲ್ಲೇ ಹೇಳಿಡಿ, ಇಲ್ಲದಿದ್ದರೆ ಅಲ್ಲಿಂದಲೇ ವಾಪಸ್ ಬಂದುಬಿಡುತ್ತಾರೆ.

ಈಗ ದುಡ್ಡು. ದಿನಕ್ಕೆ 7,500 ರೂಪಾಯಿ ಮೀರಿದ ರೂಮಿಗೆ 18% ಜಿಎಸ್‌ಟಿ. ಉದಾಹರಣೆಗೆ 14,000ದ ರೂಮು ಎರಡು ರಾತ್ರಿಗೆ 28,000 ಅಂದುಕೊಂಡರೆ ಕೈಯಿಂದ ಹೋಗೋದು 33,040. ಬುಕಿಂಗ್ ಆ್ಯಪು ಮೊದಲು ತೋರಿಸೋದು ಸಾಮಾನ್ಯವಾಗಿ ಚಿಕ್ಕ ಅಂಕಿಯನ್ನೇ. ಡಿಸೆಂಬರ್ ಅಂದಿರಿ, ತಾರೀಕು ಹೇಳಲಿಲ್ಲ. ಕ್ರಿಸ್‌ಮಸ್ ವಾರದಲ್ಲಿ ಬೆಲೆ ಆಕಾಶಕ್ಕೇರುತ್ತೆ, ಅದರ ಮೇಲೆ 24 ಮತ್ತು 31ರ ರಾತ್ರಿ ಎಷ್ಟೋ ಹೋಟೆಲುಗಳು ‘ಗಾಲಾ ಡಿನ್ನರ್’ ಅಂತ ಕಡ್ಡಾಯವಾಗಿ ತಲೆಗಿಷ್ಟು ಹಾಕುತ್ತವೆ. ಡಿಜೆ ಗದ್ದಲದ ನಡುವೆ ನಿಮ್ಮಪ್ಪ ಅನ್ನ-ಸಾರು ಹುಡುಕುತ್ತಾ ನಿಲ್ಲೋದು ಯಾಕೆ? ತಿಂಗಳ ಮೊದಲ ಎರಡು ವಾರದಲ್ಲಿ, ಅದೂ ಸೋಮವಾರದಿಂದ ಗುರುವಾರದೊಳಗೆ ಹೋಗಿ. ಮದುವೆ ದಿನ ನಾಲ್ಕು ದಿನ ಆಚೀಚೆ ಆದರೇನಂತೆ.

ಊಟ ತೊಂದರೆಯಿಲ್ಲ, ಬೆಳಗಿನ ತಿಂಡಿಗೆ ದೋಸೆ-ಇಡ್ಲಿ ಸಿಗದಿರೋದು ಅಪರೂಪ. ಎಲ್ಲ ಊಟ ಸೇರಿದ ಪ್ಯಾಕೇಜು ಮಾತ್ರ ಬೇಡ, ಬರೀ ತಿಂಡಿ ಸೇರಿದ್ದು ಸಾಕು. ಮಧ್ಯಾಹ್ನ ಹತ್ತಿರದ ಚಾವಡಿ ಪೇಟೆಗೆ ಹೋಗಿ ಸಸ್ಯಾಹಾರಿ ಥಾಲಿ ತಿಂದು ಬನ್ನಿ. ಗೇಟು ದಾಟಬೇಡಿ ಅಂದವನೇ ಹೀಗೆ ಹೇಳ್ತಿದ್ದೇನೆ, ಊಟಕ್ಕೆ ವಿನಾಯಿತಿ. ಶೇಂಗಾ ಚಟ್ನಿಪುಡಿ ಡಬ್ಬಿ ಅಮ್ಮ ಹೇಗೂ ಬ್ಯಾಗಿಗೆ ಹಾಕಿರುತ್ತಾರೆ.

ಬೀಚಿನಲ್ಲಿ ನದಿ ಬಾಯಿಯ ಹತ್ತಿರ ನೀರಿಗಿಳಿಯಬೇಡಿ, ಅಲ್ಲಿ ಸೆಳೆತ ಜಾಸ್ತಿ. ಕೆಂಪು ಬಾವುಟ ಇದ್ದರೆ ಎಲ್ಲೂ ಇಳಿಯಬೇಡಿ. ನದಿಯಾಚೆ ಇರೋ ಗಾಲ್ಜಿಬಾಗ್ ಬೀಚಿಗೆ ಚಳಿಗಾಲದಲ್ಲಿ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆಯಿಡೋಕೆ ಬರುತ್ತವೆ. ರಾತ್ರಿ ಟಾರ್ಚು ಹಿಡಿದು ಅಲ್ಲಿಗೆ ಹೋಗೋದು ಬೇಡ, ಬೆಳಕಿಗೆ ಅವು ದಾರಿ ತಪ್ಪುತ್ತವೆ.

ಹುಬ್ಬಳ್ಳಿಯಿಂದ ಯಲ್ಲಾಪುರ, ಅರಬೈಲು ಘಟ್ಟ, ಅಂಕೋಲಾ, ಕಾರವಾರ ದಾರಿಯಲ್ಲಿ ಸುಮಾರು 200 ಕಿ.ಮೀ. ಯಲ್ಲಾಪುರದಲ್ಲಿ ಚಹಾಕ್ಕೆ ನಿಲ್ಲಿಸಿ, ಅಮ್ಮ ಕಾಲು ಚಾಚಿಕೊಳ್ಳಲಿ. ಬರುವಾಗ ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಬಾಟಲಿಗಾಗಿ ಡಿಕ್ಕಿ ತೆಗೆಸಿ ನೋಡುತ್ತಾರೆ. ನಿಮ್ಮ ಡಿಕ್ಕಿಯಲ್ಲಿ ಸಿಗೋದು ಬಹುಶಃ ಗೋಡಂಬಿ ಮತ್ತು ಖಾಲಿ ಚಟ್ನಿಪುಡಿ ಡಬ್ಬಿ.