'ಈ ವಯಸ್ಸಲ್ಲಿ ಹಕ್ಕು ಯಾಕೆ?' ಅನ್ನುವವರಿಗೆ ಏನು ಹೇಳಲಿ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ, 63 ವರ್ಷ. ನಮ್ಮ ಸುತ್ತಮುತ್ತ ಒಂಟಿಯಾಗಿರುವ ವಯಸ್ಸಾದ ಹೆಂಗಸರು ಬಹಳ ಮಂದಿ. ಮಕ್ಕಳ ಜೊತೆ ಇದ್ದೂ ಒಂಟಿಯಾಗಿರುವವರೂ ಇದ್ದಾರೆ. ಕೆಲವರ ಪಿಂಚಣಿ ಬೇರೆಯವರ ಕೈ ಸೇರುತ್ತಿದೆ. ಇವರನ್ನೆಲ್ಲ ಸೇರಿಸಿ ಏನಾದರೂ ಮಾಡಬೇಕು ಅಂತ ಆಸೆ. 'ಈ ವಯಸ್ಸಲ್ಲಿ ಹಕ್ಕು ಗಿಕ್ಕು ಯಾಕೆ, ಸುಮ್ನೆ ಇರಿ' ಅನ್ನುತ್ತಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಆ ಮಾತಿಗೇ ಉತ್ತರ ಕೊಡೋಣ. ಮಹಿಳೆಯರ ಮೇಲಿನ ತಾರತಮ್ಯ ಹೋಗಲಾಡಿಸಲು ವಿಶ್ವಸಂಸ್ಥೆ 1979ರಲ್ಲಿ ಒಂದು ಒಡಂಬಡಿಕೆ ತಂದಿತು. ಅದರಲ್ಲಿ ವಯಸ್ಸಿನ ಮಿತಿ ಇಲ್ಲ. 2010ರಲ್ಲಿ ಅದರ ಸಮಿತಿ ವಯಸ್ಸಾದ ಮಹಿಳೆಯರಿಗಾಗಿಯೇ 27ನೇ ಸಾಮಾನ್ಯ ಶಿಫಾರಸು ಹೊರಡಿಸಿತು. ಜೀವನಪೂರ್ತಿ ಸಂಬಳವಿಲ್ಲದೆ ಮನೆಮಂದಿಯನ್ನು ನೋಡಿಕೊಂಡವರಿಗೆ ಕೊನೆಗೆ ಪಿಂಚಣಿಯೂ ಇಲ್ಲದಂತಾಗುವ ಅನ್ಯಾಯವನ್ನು ಅದು ನೇರವಾಗಿ ಎತ್ತಿದೆ. ಇದು ಯಾರೋ ದಯೆಯಿಂದ ಕೊಡುವುದಲ್ಲ, ಬರಬೇಕಾದದ್ದು.

ಸಂಘದ ಹೆಸರು, ಬೋರ್ಡು, ಅಧ್ಯಕ್ಷರು ಎಲ್ಲ ಆಮೇಲಾಗಲಿ. ಮೊದಲು ನಾಲ್ಕೈದು ಜನರ ಜೊತೆ ಕೂತು ಮಾತು ಕೇಳಿ. 'ನಿಮಗೇನು ತೊಂದರೆ?' ಅಂತ ಮಾತ್ರ ಕೇಳಬೇಡಿ. 'ಏನಿಲ್ಲಮ್ಮ, ಚೆನ್ನಾಗಿದ್ದೀನಿ' ಅಂದುಬಿಡುತ್ತಾರೆ. ಮಕ್ಕಳ ಮರ್ಯಾದೆ ಹೋಗುತ್ತದಲ್ವಾ? ಬದಲಿಗೆ, ನಿಮ್ಮ ಪಾಸ್‌ಬುಕ್ ಯಾರ ಹತ್ತಿರ ಇದೆ, ಕೊನೆಯ ಸಲ ಕಣ್ಣು ತೋರಿಸಿದ್ದು ಯಾವಾಗ, ರಾತ್ರಿ ಹುಷಾರು ತಪ್ಪಿದರೆ ಯಾರನ್ನು ಎಬ್ಬಿಸುತ್ತೀರಿ ಎಂದು ಕೇಳಿ. ಮಾತು ತಾನಾಗಿ ಹೊರಗೆ ಬರುತ್ತದೆ.

ಕೇಳಿದ್ದನ್ನು ಹೆಸರಿಲ್ಲದೆ, ಎಣಿಕೆಯ ರೂಪದಲ್ಲಿ ಬರೆದಿಡಿ. ಇದಕ್ಕೆ ಕಾರಣ ಇದೆ. ಹಲವು ದೇಶಗಳಲ್ಲಿ ನಡೆಯುವ ಜನಸಂಖ್ಯೆ ಮತ್ತು ಆರೋಗ್ಯ ಸಮೀಕ್ಷೆಗಳು ಮುಖ್ಯವಾಗಿ 15ರಿಂದ 49 ವರ್ಷದ ಮಹಿಳೆಯರನ್ನೇ ಮಾತನಾಡಿಸುತ್ತವೆ. ಐವತ್ತು ದಾಟಿದವಳು ಏಟು ತಿಂದರೂ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಆದರೆ 60 ದಾಟಿದ ಆರು ಜನರಲ್ಲಿ ಒಬ್ಬರು ವರ್ಷವೊಂದರಲ್ಲಿ ಯಾವುದಾದರೂ ಬಗೆಯ ಕಿರುಕುಳ ಅನುಭವಿಸುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಅಂದಾಜು ಮಾಡಿದೆ. 'ಇಪ್ಪತ್ತು ಜನರಲ್ಲಿ ಎಂಟು ಜನರ ಪಿಂಚಣಿ ಅವರ ಕೈಗೆ ಬರುತ್ತಿಲ್ಲ' ಎಂಬಂಥ ಒಂದು ಸಾಲು ನಿಮ್ಮ ಪುಸ್ತಕದಲ್ಲಿದ್ದರೆ, ಅಧಿಕಾರಿ ಅದನ್ನು ಸುಲಭವಾಗಿ ತಳ್ಳಿಹಾಕಲಾರರು.

ಆಮೇಲೆ ಒಂದೇ ಬೇಡಿಕೆ ಆರಿಸಿಕೊಳ್ಳಿ. ಹತ್ತು ಬೇಡಿಕೆಯ ಮನವಿಯನ್ನು ಯಾರೂ ಓದುವುದಿಲ್ಲ. ಬರೆದೇ ಕೊಡಿ, ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಕಚೇರಿಯಲ್ಲಿ ಅಜ್ಜಿಯರೇ ಮಾತಾಡಲಿ, ನೀವು ಪಕ್ಕದಲ್ಲಿರಿ. ತಡವರಿಸಿದರೂ ಪರವಾಗಿಲ್ಲ.

ಇನ್ನು ಪಿಂಚಣಿ ಕಸಿಯುವವರ ವಿಷಯ. ಇಲ್ಲಿ ತುಂಬ ಎಚ್ಚರ ಬೇಕು. ಸಿಟ್ಟಿನಿಂದ ಮನೆಗೆ ನುಗ್ಗಿ ಮಗನನ್ನು ದಬಾಯಿಸಿದರೆ ನಿಮಗೆ ಸಮಾಧಾನ ಆಗಬಹುದು. ಆದರೆ ರಾತ್ರಿ ಆ ಮನೆಯಲ್ಲಿ ಮಲಗುವವರು ಆ ತಾಯಿ. ಅವರಿಗೆ ಏನು ಬೇಕು ಎಂದು ಒಂಟಿಯಾಗಿ ಕೇಳಿ. ಕೆಲವರಿಗೆ ಹಣ ತಮ್ಮ ಖಾತೆಯಲ್ಲೇ ಉಳಿದರೆ ಸಾಕು, ಮಗನ ಮೇಲೆ ದೂರು ಬೇಡ. ಅವರ ಮಾತೇ ಕೊನೆ. ಬ್ಯಾಂಕಿಗೆ ಜೊತೆಯಲ್ಲಿ ಹೋಗಿ, ಕಾನೂನು ನೆರವು ಎಲ್ಲಿ ಸಿಗುತ್ತದೆ ಎಂದು ತಿಳಿಸಿ. ಜೀವಕ್ಕೇ ಅಪಾಯ ಇದ್ದರೆ ಮಾತ್ರ ಕಾಯಬೇಡಿ, ತಕ್ಷಣ ಪೊಲೀಸರಿಗೆ ಹೇಳಿ.

ಹುಡುಗ ಹುಡುಗಿಯರನ್ನೂ ಸೇರಿಸಿಕೊಳ್ಳಿ. 1970ರಲ್ಲಿ ಅಮೆರಿಕದಲ್ಲಿ ಮ್ಯಾಗಿ ಕುನ್ ಅವರನ್ನು 65 ಆಯಿತೆಂದು ಕಡ್ಡಾಯವಾಗಿ ನಿವೃತ್ತಿ ಮಾಡಿಸಿದರು. ಅವರು ಕೆಲವೇ ಗೆಳೆಯರ ಜೊತೆ ಶುರು ಮಾಡಿದ ಗುಂಪು ಮುಂದೆ 'ಗ್ರೇ ಪ್ಯಾಂಥರ್ಸ್' ಎಂಬ, ಹಿರಿಯರ ಹಕ್ಕುಗಳ ಚಳವಳಿಯಾಯಿತು. ಹಿರಿಯರು, ಕಿರಿಯರು ಒಟ್ಟಿಗೆ ದುಡಿಯಬೇಕು ಎಂಬುದು ಅವರ ಪಟ್ಟು. 2025ರ ಏಪ್ರಿಲ್‌ನಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ, ಹಿರಿಯರ ಹಕ್ಕುಗಳಿಗಾಗಿ ಹೊಸ ಒಪ್ಪಂದದ ಕರಡು ಬರೆಯಲು ಕಾರ್ಯತಂಡ ರಚಿಸಲು ತೀರ್ಮಾನಿಸಿತು. ನಿಮ್ಮ ಪುಸ್ತಕದಲ್ಲಿರುವಂಥ ಮಾತುಗಳು ಅಲ್ಲಿಗೂ ತಲುಪಬೇಕು.

ಮೊದಲ ಸಭೆ ಹಗಲಲ್ಲೇ ಇಡಿ. ಮೆಟ್ಟಿಲಿಲ್ಲದ ಜಾಗ ಇರಲಿ, ಶೌಚಾಲಯ ಹತ್ತಿರದಲ್ಲಿರಲಿ. ಕಿವಿ ಮಂದ ಇರುವವರನ್ನು ಮುಂದೆ ಕೂರಿಸಿ.